ಗ್ಯಾರೇಜ್ ಕಟ್ಟೆ: ಚೈನ್ ಟೈಟ್ ಮಾಡಿಸಿದ್ರೆ ಸಾಕಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೈಕ್ ಚೈನಿನದ್ದೇ. ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಹೀಗೇ ಆಗುತ್ತದೆ. ಜೂನ್‌ನಿಂದ ಕೆಸರಲ್ಲಿ ಓಡಿದ ಚೈನು ಸೆಪ್ಟೆಂಬರಿನಲ್ಲಿ ಕೂಗೋಕೆ ಶುರು ಮಾಡುತ್ತದೆ. ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಬರುವವರು ಗಾಡಿ ಸ್ಟ್ಯಾಂಡ್ ಹಾಕುವ ಮೊದಲೇ "ಚೈನ್ ಸ್ವಲ್ಪ ಟೈಟ್ ಮಾಡಿ ಕೊಡಿ ಅಣ್ಣ" ಅಂತಾರೆ. ಪತ್ರ ಬರೆದವರೂ ಅದನ್ನೇ ಕೇಳಿದ್ದಾರೆ. ಟೈಟ್ ಮಾಡೋದು ಅಂದ್ರೆ ಸವೆದದ್ದನ್ನು ಎಳೆದು ಕಟ್ಟೋದು, ಅಷ್ಟೇ. ಸವೆಯೋದು ಯಾಕೆ ಅಂತ ಯಾರೂ ಕೇಳೋದಿಲ್ಲ. ಈ ಸಲ ಅದನ್ನೇ ಹಿಡಿದು ಉತ್ತರ ಬರೆದಿದ್ದೇನೆ.

ನಾನು ಆಲ್ದೂರು ಕಡೆ ಎಸ್ಟೇಟಿನಲ್ಲಿ ರೈಟರ್. 100 ಸಿಸಿ ಗಾಡಿ. ತಿಂಗಳಿಗೊಮ್ಮೆ ಚೈನ್ ಟೈಟ್ ಮಾಡಿಸ್ತೀನಿ, ಹದಿನೈದು ದಿನಕ್ಕೆ ಮತ್ತೆ ಕವರಿಗೆ ಬಡಿದು ಕಟಕಟ ಅನ್ನುತ್ತೆ. ಅಡ್ಜಸ್ಟರ್ (ಹಿಂದಿನ ಚಕ್ರ ಸರಿಸಿ ಚೈನ್ ಎಳೆಯುವ ಬೋಲ್ಟ್) ಕೊನೆಗೆ ಬಂದಿದೆ. ಒಂದು ಲಿಂಕ್ ತೆಗೆಸಿದ್ರೆ ಇನ್ನೊಂದು ವರ್ಷ ನಡೆಯುತ್ತಾ ಅಣ್ಣ?
— ಎಸ್ಟೇಟ್ ರೈಟರ್, ಆಲ್ದೂರು

ನಡೆಯೋದಿಲ್ಲ. ಮೊದಲನೇದಾಗಿ, ಒಂದೇ ಲಿಂಕ್ ತೆಗೆಯೋಕೆ ಬರೋದಿಲ್ಲ. ಒಳಗಿನದ್ದೊಂದು, ಹೊರಗಿನದ್ದೊಂದು ಜೋಡಿಯಾಗಿ ತೆಗೀಬೇಕು. ಎರಡನೇದು, ತೆಗೆದರೂ ಏನೂ ಸರಿಹೋಗೋದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಚೈನ್ ಉದ್ದ ಆಯ್ತು, ಎಳೀತು ಅಂತೀವಲ್ಲ, ಅಲ್ಲಿ ಕಬ್ಬಿಣ ಎಳೆದಿರೋದಿಲ್ಲ. ಒಂದೊಂದು ಲಿಂಕಿನಲ್ಲೂ ಒಂದು ಪಿನ್ ಇರುತ್ತೆ, ಅದರ ಸುತ್ತ ಬುಶ್, ಬುಶ್ ಮೇಲೆ ರೋಲರ್. ನಮ್ಮ ಕಣ್ಣಿಗೆ ಬೀಳೋದು ರೋಲರ್ ಮಾತ್ರ. ಸವೆಯೋದು ಒಳಗಿನ ಪಿನ್ ಮತ್ತು ಬುಶ್. ಚೈನಿನಲ್ಲಿ ನೂರಕ್ಕೂ ಹೆಚ್ಚು ಲಿಂಕ್ ಇರುತ್ತದೆ. ಒಂದೊಂದರಲ್ಲಿ 0.1 ಮಿ.ಮೀ. ಸವೆದರೂ ಒಟ್ಟು ಒಂದು ಸೆಂಟಿಮೀಟರ್ ಉದ್ದ ಬಂತು. ನೀವು ಎರಡು ಲಿಂಕ್ ತೆಗೆಸಿದ್ರೆ ಒಟ್ಟು ಉದ್ದ ಕಡಿಮೆ ಆಗುತ್ತೆ, ಆದರೆ ಉಳಿದ ಪ್ರತಿ ಲಿಂಕಿನ ಅಂತರ ಹಾಗೇ ದೊಡ್ಡದಾಗಿಯೇ ಉಳಿಯುತ್ತೆ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲಿನ ಅಂತರಕ್ಕೂ ಅದಕ್ಕೂ ತಾಳೆ ಆಗೋದಿಲ್ಲ. ಚೈನು ಹಲ್ಲಿನ ಬುಡದಲ್ಲಿ ಕೂರೋದು ಬಿಟ್ಟು ತುದಿ ಹತ್ತುತ್ತದೆ. ಏರು ರಸ್ತೆಯಲ್ಲಿ ಆಕ್ಸಿಲೇಟರ್ ಕೊಟ್ಟಾಗ ಜಾರಿ 'ಟಕ್' ಅನ್ನೋದು ಅದೇ.

ಅಳೆದು ನೋಡೋದು ಸುಲಭ. ನಮ್ಮ ಕಡೆ ಓಡುವ 100ರಿಂದ 150 ಸಿಸಿ ಗಾಡಿಗಳಲ್ಲಿ ಹೆಚ್ಚಿನವಕ್ಕೆ 428 ಅಳತೆಯ ಚೈನ್. ಅದರಲ್ಲಿ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಚೈನನ್ನು ಎಳೆದು ಹಿಡಿದು 21 ಪಿನ್ ಎಣಿಸಿ. ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿಗೆ ಟೇಪ್ ಹಿಡೀರಿ. ಹೊಸತಾದರೆ 254 ಮಿ.ಮೀ. ಇರುತ್ತದೆ. 257ರ ಹತ್ತಿರ ಬಂದರೆ ಹೊಸ ಸೆಟ್ಟಿಗೆ (ಚೈನು, ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್) ದುಡ್ಡು ಎತ್ತಿಡಿ. 259 ದಾಟಿದ್ದರೆ ಅವತ್ತೇ ಬದಲಿಸಿ. ಎರಡು ಮೂರು ಜಾಗದಲ್ಲಿ ಅಳೀರಿ, ಚೈನು ಎಲ್ಲಾ ಕಡೆ ಒಂದೇ ಸಮ ಸವೆಯೋದಿಲ್ಲ.

ಟೇಪ್ ಇಲ್ವಾ? ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದ ನಡುವೆ ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೀರಿ. ಅರ್ಧ ಹಲ್ಲು ಬಯಲಾದರೆ ಅದರ ಕತೆ ಮುಗೀತು. ನಿಮ್ಮದು ಅಡ್ಜಸ್ಟರ್ ಕೊನೆಗೆ ಬಂದಿದೆ ಅಂದರೆ ಅಳೆಯೋದೂ ಬೇಡ, ಬದಲಿಸೋಕೆ ಇಷ್ಟೇ ಸಾಕು.

ನಿಮ್ಮ ಎಸ್ಟೇಟ್ ರಸ್ತೆಯವರಿಗಾಗಿ ಇನ್ನೊಂದು ಮಾತು. ನಮ್ಮಲ್ಲಿ ಚೈನ್ ಮೇಲೆ ಕೆಂಪು ಕಂಡರೆ ಎಲ್ಲರೂ ಮಣ್ಣು ಅಂದ್ಕೊಳ್ತಾರೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ. ಆಮೇಲೆ ಒಂದು ಲಿಂಕನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಬಗ್ಗಿಸಿ. ಪ್ಲೇಟುಗಳ ಸಂದಿಯಿಂದ ಮತ್ತೆ ನಯವಾದ ಕೆಂಪು ಪುಡಿ ಉದುರಿದರೆ ಅದು ತೋಟದ ಮಣ್ಣಲ್ಲ, ಒಳಗಿನ ಪಿನ್ ಎಣ್ಣೆ ಇಲ್ಲದೆ ತಿಕ್ಕಿ ತಿಕ್ಕಿ ತುಕ್ಕಾಗಿ ಹೊರಗೆ ಬರ್ತಾ ಇರೋದು. ನೀವು ತಿಂಗಳಿಗೊಮ್ಮೆ ಟೈಟ್ ಮಾಡಿಸ್ತೀನಿ ಅಂತ ಬರೆದಿದ್ದೀರಿ, ಎಣ್ಣೆ ಬಿಟ್ಟದ್ದು ಯಾವಾಗ ಅಂತ ಒಂದು ಸಾಲೂ ಇಲ್ಲ!

ಚೈನಿಗೆ ಗ್ರೀಸ್ ಒಳ್ಳೇದಾ, ಹಳೇ ಇಂಜಿನ್ ಆಯಿಲ್ ಒಳ್ಳೇದಾ? ಎಷ್ಟು ದಿನಕ್ಕೊಮ್ಮೆ ಹಾಕಬೇಕು?
— ಕಡೂರು, ಕೊಟ್ಟಿಗೆಹಾರ, ಅರಸೀಕೆರೆ, ಹೀಗೆ ಹಲವು ಊರಿನ ಓದುಗರು

ಎರಡೂ ಅಲ್ಲ. ಗೇರ್ ಆಯಿಲ್ 90 ಹಾಕಿ. ಅನೇಕ ಗಾಡಿಗಳ ಮ್ಯಾನುಯಲ್ಲಿನಲ್ಲಿ ಅದನ್ನೇ ಬರೆದಿರುತ್ತಾರೆ. ಒಂದು ಡಬ್ಬ ತಂದಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಚೈನ್ ಸ್ಪ್ರೇ ಆದರೂ ಸರಿ, ಬೆಲೆ ಜಾಸ್ತಿ ಅಷ್ಟೇ.

ಗ್ರೀಸಿನ ತೊಂದರೆ ಏನಪ್ಪಾ ಅಂದ್ರೆ, ದಪ್ಪಗಿರೋದರಿಂದ ಪಿನ್ ತನಕ ಒಳಗೆ ಇಳಿಯೋದಿಲ್ಲ. ಹೊರಗೆ ಮೆತ್ತಿಕೊಂಡು ಕೂರುತ್ತೆ. ಅದರ ಮೇಲೆ ಮರಳು, ಮಣ್ಣು ಹತ್ತಿದರೆ ಸಾಣೆ ಕಲ್ಲು ಕಟ್ಟಿಕೊಂಡು ಓಡಿದ ಹಾಗೆ. ಮೂಡಿಗೆರೆ ಕಡೆಯಿಂದ ಬರುವ ಗಾಡಿಗಳ ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿದರೆ ಒಳಗೆ ಕಪ್ಪಗೆ ಗಟ್ಟಿಯಾದ ಒಂದು ಮುದ್ದೆ ಸಿಗುತ್ತದೆ. ಸ್ಕ್ರೂಡ್ರೈವರಲ್ಲಿ ಮೀಟಿ ತೆಗೀಬೇಕು. ಒಡೆದು ನೋಡಿದರೆ ಗ್ರೀಸು, ಜಲ್ಲಿ ಪುಡಿ, ಸಿಲ್ವರ್ ಓಕ್ ಎಲೆಯ ಚೂರು. ಸರ್ವಿಸ್ ಮಾಡಿಸುವಾಗ ಆ ಕವರ್ ಬಿಚ್ಚಿ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಎಷ್ಟೋ ಕಡೆ ಬಿಚ್ಚೋದಿಲ್ಲ.

ಹಳೇ ಇಂಜಿನ್ ಆಯಿಲ್ ಒಣ ಚೈನಿಗಿಂತ ವಾಸಿ, ಅಷ್ಟು ಹೇಳಬಲ್ಲೆ. ಆದರೆ ಅದರಲ್ಲಿ ಇಂಜಿನ್ನಿನ ಮಸಿ, ಲೋಹದ ಪುಡಿ ಎಲ್ಲಾ ಇರುತ್ತೆ. ತೆಳ್ಳಗಾಗಿ ಟೈರಿಗೆ ಸಿಡಿಯುತ್ತೆ. ಪುಕ್ಕಟೆ ಸಿಗುತ್ತೆ ಅಂತ ಹಾಕ್ತಾರೆ.

ಎಷ್ಟು ದಿನಕ್ಕೊಮ್ಮೆ ಅನ್ನೋದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಸಾಮಾನ್ಯ ಲೆಕ್ಕ 500 ಕಿ.ಮೀ.ಗೆ ಒಮ್ಮೆ. ಕಡೂರು, ಅರಸೀಕೆರೆ ಬಯಲಿನವರಿಗೆ ಬೇಸಿಗೆಯಲ್ಲಿ ಇದು ಸಾಕು, ಆದರೆ ಅಲ್ಲಿ ಧೂಳು ಜಾಸ್ತಿ, ಎಣ್ಣೆ ಬಿಡುವ ಮೊದಲು ಒರೆಸೋದನ್ನು ತಪ್ಪಿಸಬೇಡಿ. ಕೊಟ್ಟಿಗೆಹಾರ, ಸಕಲೇಶಪುರದವರು ಮಳೆಗಾಲದಲ್ಲಿ ಕಿಲೋಮೀಟರ್ ನೋಡಬೇಡಿ. ಇಡೀ ದಿನ ಮಳೆಯಲ್ಲಿ ಓಡಿಸಿದ್ದೀರಾ, ಸಂಜೆ ಒರೆಸಿ ಎಣ್ಣೆ ಬಿಡಿ. ವಾಟರ್ ಸರ್ವಿಸ್ ಮಾಡಿಸಿದ ದಿನವೂ ಅಷ್ಟೇ. ಗಾಡಿ ಪಳಪಳ ಹೊಳೀತಾ ಇರುತ್ತೆ, ಚೈನಿನ ಎಣ್ಣೆ ಮಾತ್ರ ಪೂರ್ತಿ ತೊಳೆದುಹೋಗಿರುತ್ತೆ.

ಬಿಡುವ ಕ್ರಮ ಹೀಗೆ. ಗಾಡಿ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗಲೇ ಸೆಂಟರ್ ಸ್ಟ್ಯಾಂಡ್ ಹಾಕಿ. ನ್ಯೂಟ್ರಲ್. ಇಂಜಿನ್ ಆಫ್, ಕೀಲಿ ಜೇಬಿಗೆ. ಡೀಸೆಲ್ ಅದ್ದಿದ ಹಳೇ ಬ್ರಶ್ಶಿನಿಂದ ಕೊಳೆ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಒಣಗಲಿ. ಕೆಳಗಿನ ಸಾಲಿನ ಒಳಮೈಗೆ, ಅಂದರೆ ಹಲ್ಲಿಗೆ ತಾಗುವ ಕಡೆಗೆ, ಎರಡು ಪ್ಲೇಟುಗಳ ಸಂದಿಗೆ ಎಣ್ಣೆ ಬಿಡಿ. ಓಡುವಾಗ ಎಣ್ಣೆ ಒಳಗಿನಿಂದ ಹೊರಗೆ ಹೋಗುತ್ತೆ, ಹಾಗಾಗಿ ಒಳಮೈಗೇ ಬಿಡಬೇಕು. ಚಕ್ರ ಕೈಯಲ್ಲೇ ತಿರುಗಿಸಿ. ಸ್ವಲ್ಪ ಹೊತ್ತು ಬಿಟ್ಟು ಹೊರಗಿನದ್ದು ಒರೆಸಿ ತೆಗೀರಿ. ರಾತ್ರಿ ಹಾಕಿ ಬೆಳಿಗ್ಗೆ ಓಡಿಸಿದ್ರೆ ಇನ್ನೂ ಒಳ್ಳೇದು.

ಕೀಲಿ ಜೇಬಿಗೆ ಅಂದದ್ದು ತಮಾಷೆಗಲ್ಲ. ಗೇರ್ ಹಾಕಿ ಇಂಜಿನ್ ಓಡಿಸ್ತಾ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಅಭ್ಯಾಸ ಕೆಲವರಿಗಿದೆ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಸ್ಪ್ರಾಕೆಟ್ ಒಳಗೆ ಹೋಗುತ್ತೆ. ಬೆರಳಿನ ತುದಿ ಇಲ್ಲದ ಮೆಕ್ಯಾನಿಕ್ಕುಗಳನ್ನು ನೀವೂ ನೋಡಿರ್ತೀರಿ.

ಸರ್, ಮೊನ್ನೆ ಬೇರೆ ಊರಲ್ಲಿ ಚೈನ್ ಸೆಟ್ ಹಾಕಿಸಿದೆ. ವಾರಕ್ಕೇ ಚೈನ್ ಲಾಕ್ ಬಿಚ್ಚಿ ರಸ್ತೆಯಲ್ಲಿ ಬಿತ್ತು. ಹೊಸ ಚೈನ್ ಡೂಪ್ಲಿಕೇಟ್ ಇರಬಹುದಾ?
— ಬಳೆ ಅಂಗಡಿಯವರು, ಬೇಲೂರು

ಇರಬಹುದು, ಆದರೆ ಮೊದಲ ಅನುಮಾನ ನನಗೆ ಲಾಕ್ ಕ್ಲಿಪ್ ಮೇಲೆ. ಬಹಳ ಗಾಡಿಗಳಲ್ಲಿ ಚೈನಿನ ಎರಡು ತುದಿ ಸೇರಿಸೋದು ಒಂದು ಸಣ್ಣ ಕ್ಲಿಪ್. ಮೀನಿನ ಆಕಾರ. ಒಂದು ಕಡೆ ಮುಚ್ಚಿರುತ್ತೆ, ಇನ್ನೊಂದು ಕಡೆ ಸೀಳಿರುತ್ತೆ. ಚೈನು ಹೋಗುವ ದಿಕ್ಕಿಗೆ ಮುಚ್ಚಿದ ಬದಿ ಇರಬೇಕು. ಸೀಳಿದ ಬಾಯಿ ಹಿಂದೆ. ಚೈನಿನ ಮೇಲಿನ ಸಾಲು ಇಂಜಿನ್ ಕಡೆಗೆ ಹೋಗುತ್ತೆ, ಹಾಗಾಗಿ ಕ್ಲಿಪ್ ಮೇಲಿನ ಸಾಲಿನಲ್ಲಿ ಇದ್ದಾಗ ಮುಚ್ಚಿದ ಬದಿ ಹೆಡ್‌ಲೈಟ್ ಕಡೆ ನೋಡುತ್ತಿರಬೇಕು. ಕೆಳಗಿನ ಸಾಲಿಗೆ ಬಂದಾಗ ಅದೇ ಕ್ಲಿಪ್ ಹಿಂದಕ್ಕೆ ನೋಡುತ್ತೆ, ಅದನ್ನು ನೋಡಿ ಗಾಬರಿ ಆಗಬೇಡಿ.

ಉಲ್ಟಾ ಹಾಕಿದ್ದರೆ ಸೀಳಿದ ಬಾಯಿ ಮುಂದಿರುತ್ತದೆ. ಕವರಿಗೋ ಕಲ್ಲಿಗೋ ತಾಗಿದಾಗ ಕ್ಲಿಪ್ ಜಾರುತ್ತೆ. ಹಳೇ ಕ್ಲಿಪ್ಪನ್ನೇ ಬಗ್ಗಿಸಿ ಮತ್ತೆ ಹಾಕಿದ್ದರೂ ಹೀಗಾಗುತ್ತದೆ. ಚೈನ್ ಬಿಚ್ಚಿದಾಗಲೆಲ್ಲ ಹೊಸ ಲಾಕ್ ಹಾಕಿಸಿ. ಅದಕ್ಕೇನು ಆಸ್ತಿ ಮಾರಬೇಕಾಗಿಲ್ಲ. ಇನ್ನು ಮುಂದೆ ಚೈನ್ ಕೆಲಸ ಆದ ಮೇಲೆ ಗ್ಯಾರೇಜಿನಿಂದ ಹೊರಡೋ ಮೊದಲು ಬಗ್ಗಿ ಕ್ಲಿಪ್ ನೋಡಿ. ಮೆಕ್ಯಾನಿಕ್ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಅಣ್ಣಾ, ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ. ಮುಳ್ಳಯ್ಯನಗಿರಿ ಹತ್ತೋಕೆ ಗಾಡಿ ಏದುಸಿರು ಬಿಡುತ್ತೆ. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮೆ ಹಾಕಿದ್ರೆ ಪಿಕಪ್ ಬರುತ್ತೆ ಅಂತಾರೆ. ಜೊತೆಗೆ ಚೈನ್ ಕವರ್ ತೆಗೆಸಿದ್ರೆ ಲುಕ್ ಚೆನ್ನಾಗಿರುತ್ತೆ ಅಲ್ವಾ?
— ವಿದ್ಯಾರ್ಥಿ, ಹಾಸನ

ಬರುತ್ತೆ ತಮ್ಮ. ಲೆಕ್ಕ ನೀನೇ ಹಾಕು. ಮುಂದೆ 14, ಹಿಂದೆ 42 ಹಲ್ಲು ಅಂದ್ಕೋ. ಅನುಪಾತ 3. ಮುಂದೆ 13 ಹಾಕಿದ್ರೆ 3.23. ಚಕ್ರಕ್ಕೆ ಸುಮಾರು ಶೇ 7.7ರಷ್ಟು ಎಳೆತ ಜಾಸ್ತಿ. ಆದರೆ ಮೊದಲು 60ರಲ್ಲಿ ಹೋಗುವಾಗ ಇಂಜಿನ್ ಎಷ್ಟು ಸುತ್ತುತ್ತಿತ್ತೋ, ಈಗ 56ಕ್ಕೇ ಅಷ್ಟು ಸುತ್ತುತ್ತೆ. ನೀನು ಗಿರಿ ಹತ್ತೋದು ವರ್ಷಕ್ಕೆ ಎಷ್ಟು ಸಲ? ಉಳಿದ ದಿನವೆಲ್ಲ ಹೈವೇಯಲ್ಲಿ ಇಂಜಿನ್ ಕೂಗಿಸ್ಕೊಂಡು, ಪೆಟ್ರೋಲ್ ಜಾಸ್ತಿ ಸುಟ್ಕೊಂಡು ಓಡಾಡ್ಬೇಕು. ಸ್ಪೀಡೋಮೀಟರ್ ಮುಂದಿನ ಚಕ್ರದ ಕೇಬಲ್ಲಿನಿಂದ ನಡೆಯೋ ಗಾಡಿಯಾದರೆ ಅದಕ್ಕೇನೂ ಆಗೋದಿಲ್ಲ. ಗೇರ್ ಬಾಕ್ಸ್ ಸೆನ್ಸರಿನಿಂದ ನಡೆಯೋದಾದರೆ ನಿಜಕ್ಕಿಂತ ಜಾಸ್ತಿ ತೋರಿಸುತ್ತೆ.

ಸಣ್ಣ ಸ್ಪ್ರಾಕೆಟ್ ಮೇಲೆ ಚೈನು ಜಾಸ್ತಿ ಬಗ್ಗಬೇಕು, ಹಾಗಾಗಿ ಬೇಗ ಸವೆಯುತ್ತೆ. ಮುಂದಿನ ಸ್ಪ್ರಾಕೆಟ್ಟಿಗೆ ಮೊದಲೇ ಕೆಲಸ ಜಾಸ್ತಿ. ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಅದು ಮೂರು ಸುತ್ತು ಬಂದಿರುತ್ತೆ. ಅದರ ಹಲ್ಲು ಒಂದು ಕಡೆಗೆ ವಾಲಿ ಕೊಕ್ಕೆ ಆಗಿದೆಯಾ ಅಂತ ನೋಡು. ಏದುಸಿರಿಗೆ ಅದೇ ಕಾರಣ ಅಂತಲ್ಲ. ಏರ್ ಫಿಲ್ಟರ್, ಕ್ಲಚ್, ಟೈರ್ ಗಾಳಿ ನೋಡಿಸಿ ಆಮೇಲೆ ಹಲ್ಲಿನ ಲೆಕ್ಕಕ್ಕೆ ಬಾ.

ಕವರ್ ವಿಷಯ. ಪೂರ್ತಿ ಮುಚ್ಚಿದ ಕವರ್ ಇರೋ ಗಾಡಿ ಕೊಂಡು ಅದನ್ನು ತೆಗೆದು ಚರಂಡಿ ನೀರು ಹಾರಿಸ್ಕೊಂಡು ಓಡಿಸೋರಿಗೆ ನಾನು ಚೈನ್ ಸೆಟ್ ಮಾರ್ತಾ ಇರ್ತೀನಿ, ನನಗೆ ನಷ್ಟ ಏನೂ ಇಲ್ಲ. ಸೀರೆ ಗಾರ್ಡ್ ಮಾತ್ರ ಯಾವ ಕಾರಣಕ್ಕೂ ತೆಗೆಸಬೇಡ. ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೋಗಲ್ವಾ? ಹಿಂದಿನ ಚಕ್ರಕ್ಕೆ ಆ ರಕ್ಷಣೆ ಇರಲೇಬೇಕು ಅಂತ ಕಾನೂನೂ ಇದೆ.

ನಾನು ಹಾಲು ಮತ್ತು ತರಕಾರಿ ಸಾಗಿಸ್ತೀನಿ. ಹಿಂದೆ ಭಾರ ಜಾಸ್ತಿ ಇರುತ್ತೆ, ಅದಕ್ಕೆ ಚೈನ್ ಸ್ವಲ್ಪವೂ ಆಡದ ಹಾಗೆ ಟೈಟ್ ಮಾಡಿಸ್ತೀನಿ. ಆದರೂ ಮುಂದಿನ ಸ್ಪ್ರಾಕೆಟ್ ಹತ್ತಿರ ಇಂಜಿನ್ ಆಯಿಲ್ ಜಿನುಗುತ್ತೆ. ಯಾಕೆ?
— ಓದುಗರು, ಸಕಲೇಶಪುರ

'ಆದರೂ' ಅಲ್ಲ, 'ಅದಕ್ಕೇ'. ಈ ಪತ್ರ ಬರೆದದ್ದಕ್ಕೆ ಥ್ಯಾಂಕ್ಸ್, ಇದನ್ನು ಬಹಳ ಜನ ಉಲ್ಟಾ ತಿಳಿದುಕೊಂಡಿದ್ದಾರೆ.

ಭಾರ ಹಾಕಿದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುತ್ತೆ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಕ್ಕೆ ಬರುತ್ತೆ. ಹಾಗೆ ಬರುವಾಗ ಮುಂದಿನ ಸ್ಪ್ರಾಕೆಟ್ಟಿಗೂ ಹಿಂದಿನ ಆಕ್ಸಲಿಗೂ ನಡುವಿನ ದೂರ ಸ್ವಲ್ಪ ಹೆಚ್ಚಾಗುತ್ತದೆ. ಅಂದರೆ ಭಾರ ಬಿದ್ದರೆ ಚೈನು ತಾನೇ ಟೈಟ್ ಆಗುತ್ತೆ. ಖಾಲಿ ಗಾಡಿಯಲ್ಲಿ ಕೊಡುವ ಲೂಸ್ ಇರೋದೇ ಅದಕ್ಕೆ. ನೀವು ಖಾಲಿ ಇದ್ದಾಗಲೇ ಪೂರ್ತಿ ಎಳೆದಿದ್ದೀರಿ. ಆಮೇಲೆ ಕ್ಯಾನ್ ಹೇರಿ ಗುಂಡಿಗೆ ಇಳಿಸಿದಾಗ ಆ ಎಳೆತವೆಲ್ಲ ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ಮೇಲೆ, ಅದರ ಬೇರಿಂಗ್ ಮೇಲೆ ಬೀಳುತ್ತೆ. ಬೇರಿಂಗ್ ಆಡೋಕೆ ಶುರುವಾದರೆ ಪಕ್ಕದ ಆಯಿಲ್ ಸೀಲ್ ಹೋಗುತ್ತೆ. ಜಿನುಗುತ್ತಿರೋದು ಅಲ್ಲಿಂದ. ಬರೀ ಸೀಲ್ ಬದಲಿಸಿ ಸುಮ್ನಾಗಬೇಡಿ, ಶಾಫ್ಟ್ ಅಲ್ಲಾಡುತ್ತಾ ಅಂತ ಹಿಡಿದು ನೋಡಿಸಿ.

ಲೂಸ್ ಎಷ್ಟಿರಬೇಕು? ಎರಡು ಸ್ಪ್ರಾಕೆಟ್ಟಿನ ನಡುವೆ ಕೆಳಗಿನ ಸಾಲಿನಲ್ಲಿ ಚೈನನ್ನು ಬೆರಳಿನಿಂದ ಕೆಳಗೆ ಒತ್ತಿ, ಮೇಲೆ ಎತ್ತಿ. ಒಟ್ಟು ಆಟ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ನಿಮ್ಮ ಗಾಡಿಯ ನಿಖರ ಅಳತೆ ಮ್ಯಾನುಯಲ್ಲಿನಲ್ಲಿ ಇರುತ್ತೆ, ಕೆಲವಕ್ಕೆ ಸ್ವಿಂಗ್ ಆರ್ಮ್ ಮೇಲೆ ಸ್ಟಿಕ್ಕರೇ ಇರುತ್ತೆ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ. ಎಲ್ಲಿ ಜಾಸ್ತಿ ಟೈಟ್ ಇದೆಯೋ ಅಲ್ಲೇ ಅಳತೆ ಇಡಬೇಕು. ಒಂದು ಕಡೆ ತುಂಬಾ ಟೈಟ್, ಇನ್ನೊಂದು ಕಡೆ ಜೋತು ಬಿದ್ದಿದೆ ಅಂದ್ರೆ ಸೆಟ್ ಬದಲಿಸುವ ಕಾಲ ಬಂತು.

ಎಡಬಲ ಅಡ್ಜಸ್ಟರಿನ ಗುರುತು ಒಂದೇ ಗೆರೆಯಲ್ಲಿ ಇರಲಿ. ಒಂದು ಕಡೆ ಜಾಸ್ತಿ ಎಳೆದರೆ ಚಕ್ರ ಓರೆಯಾಗಿ ಕೂರುತ್ತೆ, ಸ್ಪ್ರಾಕೆಟ್ ಹಲ್ಲಿನ ಪಕ್ಕ ಉಜ್ಜಿ ಹೊಳೆಯೋಕೆ ಶುರುವಾಗುತ್ತೆ. ಚಕ್ರ ಹಿಂದಕ್ಕೆ ಸರಿಸಿದ ಮೇಲೆ ಡ್ರಮ್ ಬ್ರೇಕಿನ ರಾಡ್ ಟೈಟ್ ಆಗಿರುತ್ತೆ. ಬ್ರೇಕ್ ಪೆಡಲಿನ ಆಟ ಮತ್ತೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಬ್ರೇಕ್ ಹಿಡಿದುಕೊಂಡೇ ಓಡುತ್ತೆ, ನೀವು ಮೈಲೇಜ್ ಬರ್ತಿಲ್ಲ ಅಂತ ಇನ್ನೊಂದು ಪತ್ರ ಬರೀತೀರಿ.

ಹೊಸ ಚೈನ್ ಮಾತ್ರ ಹಾಕಿಸಿದ್ದೇನೆ. ಸ್ಪ್ರಾಕೆಟ್ ಹಳೇದೇ ಇದೆ. ಪರವಾಗಿಲ್ವಾ?
— ನಿವೃತ್ತ ನೌಕರರು, ಚನ್ನರಾಯಪಟ್ಟಣ

ದುಡ್ಡು ಉಳಿಸೋಕೆ ಮಾಡಿದ್ದೀರಿ, ಆದರೆ ಉಳಿಯೋದಿಲ್ಲ. ಹಳೇ ಹಲ್ಲು ಹಳೇ ಚೈನಿನ ಅಂತರಕ್ಕೆ ಸವೆದಿರುತ್ತೆ. ಹೊಸ ಚೈನು ಅದರ ಮೇಲೆ ಸರಿಯಾಗಿ ಕೂರೋದಿಲ್ಲ, ಬೇಗ ಹಾಳಾಗುತ್ತೆ. ಮೂರನ್ನೂ ಒಟ್ಟಿಗೇ ಬದಲಿಸಿ. ಇನ್ನೊಂದು, ಆಕ್ಸಿಲೇಟರ್ ಬಿಟ್ಟು ಹಿಡಿದಾಗ ಧಡ್ ಅಂತ ಎಳೆತ ಬರುತ್ತಿದ್ದರೆ ಅದು ಚೈನೇ ಅಲ್ಲದಿರಬಹುದು. ಹಿಂದಿನ ಹಬ್ಬಿನೊಳಗೆ ರಬ್ಬರ್ ತುಂಡುಗಳಿರುತ್ತವೆ. ಅವು ಸವೆದಿದ್ದರೂ ಹೀಗೇ. ಸೆಟ್ ಹಾಕಿಸುವಾಗ ಅವನ್ನೂ ತೆಗೆಸಿ ನೋಡಿ.

ಚಾರ್ಮಾಡಿ ಘಾಟಿ ಇಳಿಯುವಾಗ ಚೈನ್ ತುಂಡಾದರೆ ಏನು ಮಾಡಬೇಕು? ನಮ್ಮ ಯಜಮಾನರು ವಾರಕ್ಕೊಮ್ಮೆ ಉಜಿರೆಗೆ ಹೋಗಿ ಬರ್ತಾರೆ, ಹೆದರಿಕೆ ಆಗುತ್ತೆ.
— ಶಿಕ್ಷಕಿ, ಮೂಡಿಗೆರೆ

ಒಳ್ಳೇ ಪ್ರಶ್ನೆ ಮೇಡಂ. ಇಳಿಜಾರಿನಲ್ಲಿ ಗಾಡಿಯನ್ನು ಅರ್ಧ ಹಿಡಿಯೋದು ಇಂಜಿನ್ನು. ಎರಡನೇ ಮೂರನೇ ಗೇರಲ್ಲಿ ಇಳಿಯೋದು ಅದಕ್ಕೇ ಅಲ್ವಾ. ಚೈನ್ ತುಂಡಾದ ಕ್ಷಣ ಆ ಹಿಡಿತ ಹೋಯ್ತು. ಗೇರ್ ಇಳಿಸಿದ್ರೆ ಏನೂ ಪ್ರಯೋಜನ ಇಲ್ಲ. ಗಾಡಿ ಒಮ್ಮೆಲೇ ಹಗುರಾಗಿ ಮುಂದಕ್ಕೆ ಓಡಿದ ಹಾಗೆ ಅನ್ನಿಸುತ್ತೆ. ಆಕ್ಸಿಲೇಟರ್ ಪೂರ್ತಿ ಬಿಟ್ಟು, ಗಾಡಿ ನೆಟ್ಟಗಿರುವಾಗ ಎರಡೂ ಬ್ರೇಕ್ ಒಟ್ಟಿಗೆ ಹದವಾಗಿ ಹಿಡಿದು, ತಿರುವು ಬರುವ ಮೊದಲೇ ವೇಗ ಇಳಿಸಿ ಎಡಕ್ಕೆ ನಿಲ್ಲಿಸಬೇಕು. ಬ್ರೇಕ್ ಉಜ್ಜಿಕೊಂಡು ಕೆಳಗಿನ ತನಕ ಇಳಿದೇ ಬಿಡೋಣ ಅಂತ ಹೊರಡಬಾರದು.

ನಿಂತ ಮೇಲೆ ಮುಂದಿನ ಸ್ಪ್ರಾಕೆಟ್ ಹತ್ತಿರ ಇಂಜಿನ್ ಕೇಸ್ ನೋಡಲಿ. ತುಂಡಾದ ಚೈನು ಅಲ್ಲಿ ಸುತ್ತಿಕೊಂಡು ಕೇಸನ್ನೇ ಒಡೆಯೋದುಂಟು. ಆಯಿಲ್ ಸುರಿಯುತ್ತಿದ್ದರೆ ಇಂಜಿನ್ ಸ್ಟಾರ್ಟ್ ಮಾಡಬಾರದು. ಲಾಕ್ ಮಾತ್ರ ಬಿಚ್ಚಿದ್ದರೆ, ಸೀಟಿನಡಿ ತಮ್ಮ ಚೈನ್ ಅಳತೆಯದ್ದೇ ಒಂದು ಹೊಸ ಲಾಕು, ಒಂದು ಪ್ಲೈಯರ್ ಇದ್ದರೆ ಅಲ್ಲೇ ಹಾಕಿಕೊಂಡು ಬರಬಹುದು. 428ರ ಲಾಕ್ 520ಕ್ಕೆ ಆಗೋದಿಲ್ಲ, ಕೊಳ್ಳುವಾಗ ನೋಡಲಿ.

ಚೈನು ಹೇಳದೆ ಕೇಳದೆ ತುಂಡಾಗೋದು ಕಡಿಮೆ. ಅದಕ್ಕೆ ಮೊದಲು ಶಬ್ದ ಮಾಡುತ್ತೆ, ಹಲ್ಲು ಜಾರುತ್ತೆ, ಒಂದೆರಡು ಲಿಂಕ್ ಜಾಮ್ ಆಗಿ ಸೊಟ್ಟಗೆ ನಿಂತಿರುತ್ತೆ. ಹೊರಡುವ ಹಿಂದಿನ ಸಂಜೆ ಚಕ್ರ ತಿರುಗಿಸಿ ಒಮ್ಮೆ ನೋಡೋಕೆ ಹೇಳಿ.

ನನ್ನದು ದೊಡ್ಡ ಗಾಡಿ, ಓ-ರಿಂಗ್ ಚೈನ್. ಇದಕ್ಕೆ ಎಣ್ಣೆ ಬೇಡ ಅಂತಾರೆ, ನಿಜವಾ?
— ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು

ಅರ್ಧ ನಿಜ. ಪಿನ್ ಒಳಗೆ ಕಂಪನಿಯಲ್ಲೇ ಗ್ರೀಸ್ ತುಂಬಿ ರಬ್ಬರ್ ರಿಂಗಿನಿಂದ ಮುಚ್ಚಿರುತ್ತಾರೆ. ಆದರೆ ರೋಲರ್ ಹೊರಮೈಗೆ, ರಿಂಗು ಒಣಗದಂತೆ ಇರೋಕೆ, ತುಕ್ಕು ಹಿಡಿಯದಿರೋಕೆ ಎಣ್ಣೆ ಬೇಕೇ ಬೇಕು. ಪೆಟ್ರೋಲಿನಿಂದ ತೊಳೆಯಬೇಡಿ, ತಂತಿ ಬ್ರಶ್ ಹಾಕಬೇಡಿ. ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲದಿದ್ದರೆ ಓ-ರಿಂಗಿಗೆ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿರುವ ಚೈನ್ ಕ್ಲೀನರ್. ಪ್ರೆಶರ್ ಪೈಪನ್ನು ಚೈನಿಗೆ ನೇರ ಹಿಡಿಯಬೇಡಿ ಅಂತ ವಾಟರ್ ಸರ್ವಿಸ್ ಹುಡುಗನಿಗೆ ಹೇಳಿ. ಒಂದು ರಿಂಗ್ ಕಿತ್ತು ಹೋದರೂ ಆ ಪಿನ್ನಿನ ಗ್ರೀಸ್ ಹೋಯ್ತು, ಮತ್ತೆ ತುಂಬೋಕೆ ಬರೋದಿಲ್ಲ.

ಅಣ್ಣ, ನನ್ನ ಸ್ಕೂಟರಿಗೆ ಎಷ್ಟು ದಿನಕ್ಕೊಮ್ಮೆ ಚೈನ್ ಆಯಿಲ್ ಹಾಕ್ಬೇಕು? ಎಲ್ಲಿ ಹುಡುಕಿದ್ರೂ ಚೈನ್ ಕಾಣ್ತಿಲ್ಲ.
— ಓದುಗರು, ತರೀಕೆರೆ

ಕಾಣೋದಿಲ್ಲ ತಂಗಿ, ಯಾಕಂದ್ರೆ ಇಲ್ಲ. ಗೇರಿಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ಎಡಗಡೆ ಕವರ್ ಒಳಗೆ ರಬ್ಬರ್ ಬೆಲ್ಟ್ ಇರುತ್ತೆ. ಅದಕ್ಕೆ ಎಣ್ಣೆ ಹಾಕಲೇಬಾರದು, ಹಾಕಿದ್ರೆ ಜಾರುತ್ತೆ. ಎಷ್ಟು ಕಿ.ಮೀ.ಗೆ ಬದಲಿಸಬೇಕು ಅಂತ ಸರ್ವಿಸ್ ಪುಸ್ತಕದಲ್ಲಿ ಬರೆದಿರುತ್ತಾರೆ, ಅಷ್ಟಕ್ಕೆ ಬದಲಿಸಿ. ಮನೇಲಿ ಅಪ್ಪನ ಟಿವಿಎಸ್ ಎಕ್ಸ್‌ಎಲ್ ಇದ್ದರೆ ಅದಕ್ಕೆ ಚೈನ್ ಇದೆ, ತಂದ ಎಣ್ಣೆ ಅದಕ್ಕೆ ಬಿಡಿ.